ಭೈರಮ್ಮನ ಹೊಟ್ಟೆಕಿಚ್ಚು

ಎಳನೀರು ಕುಡಿಯುವವರಿಗೆ ತಂಪು. ಕಾಯಿನೀರಲ್ಲಿ ದಿನವೆಲ್ಲ ಕೈ ನೆನೆಸಿಕೊಂಡು ಕೂತವರನ್ನು ಕೇಳಬೇಕು, ಅದು ಎಂಥ ತಂಪು ಅಂತ. ಬೆರಳ ಸಂದಿಯ ಚರ್ಮ ಬೆಳ್ಳಗೆ ಊದುತ್ತದೆ. ಊದಿ ಬಿರಿಯುತ್ತದೆ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಖಾರ ಹತ್ತಿ ಪ್ರಾಣ ಹೋಗುತ್ತದೆ. ಹಂದನಕೆರೆಯಿಂದ ತಿಪಟೂರಿಗೆ ಹೋಗುವ ರಸ್ತೆ ಪಕ್ಕದಲ್ಲಿರುವ ತೋಂಟದಾರ್ಯನವರ ಪೌಡರ್ ಫ್ಯಾಕ್ಟರಿಯ ಯಾವ ಹೆಂಗಸಿನ ಕೈಯನ್ನಾದರೂ ನೋಡಿ, ಹೀಗೇ ಇರುತ್ತದೆ.

ಅಲ್ಲಿ ಚಿಪ್ಪು ಬಿಡಿಸಿದ ಕಾಯಿ ರಾಶಿ ಬೀಳುತ್ತದೆ. ಕಾಯಿಯ ಮೈಗೆ ಅಂಟಿದ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆದು ಬೆಳ್ಳಗೆ ಮಾಡುವುದು ಹೆಂಗಸರ ಕೆಲಸ. ತೂಕದ ಮೇಲೆ ಕೂಲಿ. ಬೆಳ್ಳಗಾದ ಕಾಯಿ ಮೆಷಿನ್ನಿಗೆ ಹೋಗಿ ಪುಡಿಯಾಗಿ, ಬಿಸ್ಕತ್ತು ಮಿಠಾಯಿ ಮಾಡುವವರ ಊರಿಗೆ ಲಾರಿ ಹತ್ತುತ್ತದೆ. ಹೆರೆದವರಿಗೆ ಉಳಿಯುವುದು ವಾಸನೆ. ಫ್ಯಾಕ್ಟರಿ ಹಿಂದಿನ ಗುಂಡಿಯಲ್ಲಿ ಹುಳಿತ ಕಾಯಿನೀರು ನಿಂತು ನಾರುತ್ತದಲ್ಲ, ಆ ವಾಸನೆ ಸೀರೆ, ಕೂದಲು, ಹಾಸಿಗೆಯವರೆಗೂ ಬರುತ್ತದೆ.

ಭೈರಮ್ಮ ಆ ವಾಸನೆಯಲ್ಲೇ ತಲೆ ನರೆಸಿಕೊಂಡವಳು. ಆದರೆ ಅವಳಿದ್ದ ಕಾಲೋನಿಯಲ್ಲಿ ಅವಳ ಹೆಸರಿದ್ದದ್ದು ಸಿಪ್ಪೆ ಹೆರೆಯುವುದಕ್ಕಲ್ಲ, ಕೂಸು ಎರೆಯುವುದಕ್ಕೆ. ಯಾರ ಮನೆಯಲ್ಲಿ ಹೆರಿಗೆಯಾದರೂ ಫ್ಯಾಕ್ಟರಿಗೆ ಹೋಗುವ ಮುಂಚೆ ಬೆಳಕು ಹರಿಯುತ್ತಲೇ ಅಲ್ಲಿಗೆ ಹೋಗುವಳು. ಹಂಡೆಗೆ ಉರಿ ಹಾಕಿ, ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತೀಡಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು ತೊಟ್ಟಿಲಿಗೆ ಹಾಕಿ ಏಳುವಳು. ಬಾಣಂತಿಯ ಬೆನ್ನಿಗೂ ನೀರು ಹುಯ್ಯುವಳು. ಸಂಜೆ ಬಸುರಿಯರ ಮನೆ ಕಡೆ ಹೋಗಿ ಕಾಲು ಊದಿದೆಯಾ, ಅನ್ನ ಸೇರುತ್ತಾ ಅಂತ ವಿಚಾರಿಸುವಳು. ಯಾರೂ ಅವಳನ್ನು ಕರೆಯುತ್ತಿರಲಿಲ್ಲ. ಕರೆಯದೆಯೂ ಅವಳೇ ಬರುವವಳು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಒಂದು ಎಲೆ ಅಡಿಕೆ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಅವಳು ಒಳಗೆ ಬಂದರೆ ಅತ್ತೆಯಂದಿರೂ ಮಂಚ ಬಿಟ್ಟು ಏಳುತ್ತಿದ್ದರು. ಆ ಏಳುವುದೇ ಅವಳ ಸಂಪಾದನೆ.

ಹೋದ ವರ್ಷ ಕಾಲೋನಿಯ ಹೊಂಗೆಮರದ ಕೆಳಗೆ ಬಿಳಿ ಕಾರು ಬಂದು ನಿಂತಿತು. ತೋಂಟದಾರ್ಯನವರ ಹೆಂಡತಿ ಗಿರಿಜಾಂಬಿಕಾ ಇಳಿದರು. ‘ಹೆತ್ತೊಡಲು ಸೇವಾ ಬಳಗ’ ಅಂತ ಮಾಡಿದ್ದಾರಂತೆ. ಬಡ ಬಸುರಿ ಬಾಣಂತಿಯರ ಮನೆಮನೆಗೆ ಹೋಗಿ ನೋಡಿಕೊಳ್ಳುವುದಕ್ಕೆ ಊರೂರಿಗೆ ಒಬ್ಬೊಬ್ಬ ಸೇವಕಿ. ಸಂಬಳ ಇಲ್ಲ, ಸೇವೆ. ಗಿಳಿಹಸಿರು ಸೀರೆ, ಕೊರಳಿಗೆ ಫೋಟೊ ಇರುವ ಬಿಲ್ಲೆ. ಬಸುರಿಯರಿಗೆ ಹಿಟ್ಟು, ಬೆಲ್ಲ, ಕಡಲೆಕಾಯಿ ತುಂಬಿದ ಚೀಲ.

ಭೈರಮ್ಮ ಮುಂದೆ ಹೋಗಿ ನಿಂತಳು. ಬೇರೆ ಯಾರು ನಿಲ್ಲಬೇಕು?

“ಅಮ್ಮಾವ್ರೇ, ಈ ಕೇರಿ ಕೂಸುಗಳನ್ನೆಲ್ಲ ಎರೆದಿರಾದು ನಾನೇ. ನನ್ನ ಬರ್ಕಳಿ.”

“ನಿನಗೆ ಓದೋಕೆ ಬರುತ್ತಾ ಭೈರಮ್ಮ?”

“ಹಸುಗೂಸ್ಗೆ ಓದಕ್ಕೆ ಬತ್ತದಾ ಅಮ್ಮಾವ್ರೇ?”

ಹೆಂಗಸರು ಕಿಸಕ್ಕನೆ ನಕ್ಕರು. ಗಿರಿಜಾಂಬಿಕಾ ಅವರೂ ನಕ್ಕರು. “ಹಾಗಲ್ಲಮ್ಮ, ಮೊಬೈಲಲ್ಲಿ ಫೋಟೊ ತೆಗೆದು ಕಳಿಸಬೇಕು. ಯಾರಿಗೆ ಎಷ್ಟು ತಿಂಗಳು ಅಂತ ಟೈಪ್ ಮಾಡಬೇಕು. ನಿನಗೆ ಆಗಲ್ಲ” ಎಂದು, ಹಿಂದೆ ನಿಂತಿದ್ದ ಮೀನಾಳನ್ನು ಬೆರಳು ಮಾಡಿ ಕರೆದರು.

ಮೀನಾ ಅದೇ ಕೇರಿಯ ಮಾರಯ್ಯನ ಸೊಸೆ. ತುರುವೇಕೆರೆ ಕಡೆಯ ಹುಡುಗಿ, ಪಿಯುಸಿ ಓದಿದವಳು, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಕಂಕುಳಲ್ಲಿ ಒಂದು ಮಗು. ನಿನ್ನೆ ಮೊನ್ನೆ ಈ ಕೇರಿಗೆ ಕಾಲಿಟ್ಟವಳು! ಅವಳ ಕೈಗೆ ಗಿಳಿಹಸಿರು ಸೀರೆ ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಭೈರಮ್ಮನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗಾಯಿತು.

ಆವತ್ತಿನಿಂದ ಶುರುವಾಯಿತು ನೋಡಿ.

ಒಂದು ಬೆಳಿಗ್ಗೆ ಹೊಸ ಬಾಣಂತಿಯೊಬ್ಬಳ ಮನೆಗೆ ಭೈರಮ್ಮ ಹೋದರೆ ಮೀನಾ ಆಗಲೇ ಅಲ್ಲಿ ಕೂತಿದ್ದಳು. ಬಾಣಂತಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು.

“ಅಯ್ಯೋ ನಿನ್ನ ಮನೆ ಕಾಯ! ಹಸಿ ಬಾಣಂತಿಗೆ ಅಷ್ಟು ನೀರಾ? ಹೊಟ್ಟೆ ಗುಡಾಣ ಆಗ್ತದೆ ಕಣೇ!”

“ಇಲ್ಲ ಭೈರಕ್ಕ, ನೀರು ಕುಡಿದ್ರೇನೇ ಹಾಲು ಬರಾದು. ಡಾಕ್ಟರೇ ಹೇಳವ್ರೆ” ಎಂದಳು ಮೀನಾ, ತಣ್ಣಗೆ.

ಭೈರಮ್ಮ ಕೂಸಿಗೆ ಕೈ ಚಾಚಿದಳು. ಮೀನಾ ಅವಳ ಬಿರಿದ ಬೆರಳುಗಳನ್ನು ನೋಡಿದಳು. ತಡೆದು ತಡೆದು ಹೇಳಿದಳು: “ಅಕ್ಕ, ಬೇಜಾರ್ ಮಾಡ್ಕಬ್ಯಾಡ. ಕೂಸಿನ ಹೊಕ್ಕಳು ಇನ್ನೂ ಒಣಗಿಲ್ಲ. ನಿನ್ನ ಕೈ ಕೀವಾಗೈತೆ. ಕೈ ವಾಸಿಯಾಗಗಂಟ ನಾನೇ ಎರೀತೀನಿ.”

ಬಾಣಂತಿಯ ಅತ್ತೆ ಏನಾದರೂ ಅಂದಾಳು ಎಂದು ಭೈರಮ್ಮ ಕಾದಳು. ಅವಳು ಕೂಸನ್ನು ಎತ್ತಿ ಮೀನಾಳ ಕೈಗೆ ಕೊಟ್ಟಳು.

ಕೈ ವಾಸಿಯಾಗುವುದು! ಫ್ಯಾಕ್ಟರಿ ಬಿಟ್ಟರೆ ವಾಸಿ, ಫ್ಯಾಕ್ಟರಿ ಬಿಟ್ಟರೆ ಉಪವಾಸ. ಬೀದಿಗೆ ಬಂದ ಭೈರಮ್ಮನಿಗೆ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ಆ ಕೂಸಿಗೆ ಸೀತವಾದರೂ ಆಗಲಿ ಎಂದು ಒಂದು ಗಳಿಗೆ ಅಂದುಕೊಂಡಳು. ಅಂದುಕೊಂಡದ್ದಕ್ಕೆ ತನ್ನ ಬಾಯಿಗೇ ಎರಡು ಹೊಡೆದುಕೊಂಡಳು. ಕೂಸಿಗೆ ಏನೂ ಆಗಲಿಲ್ಲ. ಗುಂಡಗೆ ಬೆಳೆಯಿತು. ಅದು ಗುಂಡಗಾದಷ್ಟೂ ಇವಳು ಒಣಗಿದಳು.

ಮೀನಾ ಬೀದಿಯಲ್ಲಿ ಬಂದರೆ ಇವಳು ಮುಖ ತಿರುಗಿಸಿ ಎಲೆಯಡಿಕೆ ಉಗಿಯುವಳು. ಗಂಡ ವೆಂಕಟಯ್ಯ ರೇಗಿಸುತ್ತಿದ್ದ. “ಒಂದು ಸೀರೆಗೆ ಹಿಂಗಾಡ್ತೀಯಲ್ಲೇ. ಸಂತೇಲಿ ಗಿಳಿಹಸ್ರುದೇ ತಂದ್ಕೊಡ್ತೀನಿ ಬುಡು.”

“ಸಂತೆ ಸೀರೆ ಉಟ್ರೆ ಯಾವೋಳು ಎದ್ದು ನಿಲ್ತಾಳೆ?”

“ಸೀರೆಗೆ ಎದ್ದು ನಿಲ್ಲೋಳು ನಿಂಗ್ಯಾಕೆ ನಿಲ್ಬೇಕು?”

“ಮುಚ್ಕಂಡು ಉಣ್ಣು!”

ಈ ನಡುವೆ ಹೆರೆಯುವ ಸಾಲಿನಲ್ಲಿ ಕೂರುತ್ತಿದ್ದವಳು, ರಾಜಣ್ಣನ ಹೆಂಡತಿ, ಬಸುರಾದಳು. ಮೀನಾ ಟೈಪ್ ಮಾಡಿದಳು, ಚೀಲ ಬಂತು, ಫೋಟೊ ತೆಗೆದರು. ಮುಂದಿನ ವಾರವೇ ಫ್ಯಾಕ್ಟರಿಯ ಮೇಸ್ತ್ರಿ ರುದ್ರೇಶ್ ಅವಳ ಹತ್ತಿರ ಬಂದು, “ಅಮ್ಮಾವ್ರು ಹೇಳವ್ರೆ ಕಣಮ್ಮ, ನೀನು ರೆಸ್ಟ್ ತಗೋಬೇಕಂತೆ. ಹೆತ್ತು ಬಾ” ಎಂದು ಕಳಿಸಿದ. ಎಂಥ ಕರುಣೆ ಎಂದರು ಹೆಂಗಸರು. ಹೆತ್ತ ಮೇಲೆ ಅವಳು ಕೂಸು ಕಟ್ಟಿಕೊಂಡು ಹೋದರೆ, “ನಿನ್ನ ಜಾಗಕ್ಕೆ ಬೇರೆಯೋಳು ಬಂದವ್ಳೆ. ಕರೀತೀನಿ ಹೋಗಿರು” ಎಂದ. ಕರೆಯಲಿಲ್ಲ. ಆಮೇಲೆ ಅದೇ ಸಾಲಿನ ಇನ್ನೊಬ್ಬಳಿಗೆ, ಭುವನ್ ಎಂಬ ಹುಡುಗನ ತಾಯಿಗೂ ಹಾಗೇ ಆಯಿತು. ಚೀಲ ಬಂತು, ಕೆಲಸ ಹೋಯಿತು.

ಭೈರಮ್ಮನಿಗೆ ಇದೆಲ್ಲ ಕಣ್ಣಿಗೆ ಕಾಣುತ್ತಿತ್ತು. ತಲೆಗೆ ಹತ್ತಲಿಲ್ಲ. ತಲೆಯ ತುಂಬ ಮೀನಾ ಕೂತಿದ್ದಳು. ‘ಪುಣ್ಯವಂತೇರು, ಕೂತು ಬೆಲ್ಲ ತಿಂತಾವ್ರೆ. ನನ್ನ ಹೊಟ್ಟೇಲಿ ಮಕ್ಕಳಿದ್ದಾಗ ಯಾವ ಅಮ್ಮಾವ್ರು ಬಂದಿದ್ರು?’ ಎಂದು ಅದಕ್ಕೂ ಒಂದು ಕಿಚ್ಚು ಪಟ್ಟಳು.

ಹೆರೆಯುವ ಸಾಲಿನಲ್ಲಿ ಅವಳ ಪಕ್ಕದ ಮಣೆ ಗಂಗಲಕ್ಷ್ಮಿಯದು. ಇದೇ ಕೇರಿಯಲ್ಲಿ ಹುಟ್ಟಿ ಇದೇ ಕೇರಿಗೆ ಕೊಟ್ಟ ಹುಡುಗಿ. ಹುಟ್ಟಿದಾಗ ಮೊದಲ ನೀರು ಹುಯ್ದವಳು ಭೈರಮ್ಮ. ದೊಡ್ಡವ್ವ ದೊಡ್ಡವ್ವ ಎಂದು ಸೆರಗು ಹಿಡಿದುಕೊಂಡು ಬೆಳೆದವಳು. ಅವಳ ಗಂಡ ಭೀಮರಾಜು ಕಾಯಿ ಕೀಳಲು ಹತ್ತಿದ ಮರದಿಂದ ಬಿದ್ದು, ತೊಡೆಮೂಳೆ ಮುರಿದು ಮಂಚ ಹಿಡಿದಿದ್ದ. ಆ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಗಂಗಲಕ್ಷ್ಮಿಯ ಚಾಕುವಿನಿಂದ.

ಒಂದು ಮಧ್ಯಾಹ್ನ ಗುಂಡಿಯ ಕಡೆಯಿಂದ ಗಾಳಿ ಬೀಸಿತು. ಹುಳಿನಾತ ಒಳಗೆ ನುಗ್ಗಿತು. ಅದು ಇವರಿಗೆ ಹೊಸದಲ್ಲ, ಅದರ ಮುಂದೆಯೇ ಬುತ್ತಿ ಬಿಚ್ಚಿ ಉಣ್ಣುವವರು. ಗಂಗಲಕ್ಷ್ಮಿ ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದು ಓಡಿದಳು. ವಾಪಸು ಬಂದವಳ ಕಣ್ಣು ಕೆಂಪಗೆ ನೀರಾಡುತ್ತಿತ್ತು.

“ಏನೇ?”

“ಏನಿಲ್ಲ ಬುಡು ದೊಡ್ಡವ್ವ. ಬೆಳಿಗ್ಗೆ ಉಂಡಿದ್ದು ಆಗ್ಲಿಲ್ಲ.”

ಭೈರಮ್ಮ ಮತ್ತೆ ಚಾಕು ಹಿಡಿದಳು. ಅವಳಿಗೆ ಗೊತ್ತಾಗಿಹೋಯಿತು. ಈ ಕಡೆ ಐದು ತಿಂಗಳು ತುಂಬುವವರೆಗೆ ಬಸಿರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಣ್ಣು ತಾಕುತ್ತದೆ ಎನ್ನುವ ಭಯ. ಕೇಳುವುದೂ ಇಲ್ಲ. ಈ ಕಟ್ಟಲೆಯನ್ನು ಕೇರಿಯ ಸೊಸೆಯಂದಿರಿಗೆ ಬೈದು ಬೈದು ಕಲಿಸಿದವಳೇ ಭೈರಮ್ಮ. ಆದರೂ ಮನಸ್ಸು ಆಸೆಪಟ್ಟಿತು. ಬೇರೆ ಯಾರಿಗೆ ಹೇಳದಿದ್ದರೂ ನನಗೆ ಹೇಳುತ್ತಾಳೆ, ಇವತ್ತಲ್ಲ ನಾಳೆ ಕಿವಿಯ ಹತ್ತಿರ ಬಂದು ದೊಡ್ಡವ್ವ ಎನ್ನುತ್ತಾಳೆ.

ಮರುದಿನ ಸಂಜೆ ಸೌದೆ ಹೊರೆ ಹೊತ್ತು ಗಂಗಲಕ್ಷ್ಮಿಯ ಹಿತ್ತಲ ದಾರಿಯಲ್ಲಿ ಬರುತ್ತಿದ್ದಳು. ಹಿಂಬಾಗಿಲು ತೆರೆಯಿತು. ಮೀನಾ ಹೊರಗೆ ಬಂದಳು. ಗಿಳಿಹಸಿರು ಸೀರೆಯಿಲ್ಲ, ಬಿಲ್ಲೆಯಿಲ್ಲ. ಗಂಗಲಕ್ಷ್ಮಿಯ ಕೈಯಲ್ಲಿ ಮಾತ್ರೆಯ ಪೊಟ್ಟಣ. ಇಬ್ಬರೂ ಗುಸುಗುಸು ಮಾತಾಡಿದರು. ಗಂಗಲಕ್ಷ್ಮಿ ಮೀನಾಳ ಭುಜಕ್ಕೆ ತಲೆ ಒರಗಿಸಿದಳು.

ಸೌದೆ ಹೊರೆ ದೊಪ್ಪನೆ ಬಿತ್ತು. ಭೈರಮ್ಮ ಅದನ್ನು ಮತ್ತೆ ಹೊರಲಿಲ್ಲ. ಅಲ್ಲೇ ಬಿಟ್ಟು ಸೀದಾ ತೋಂಟದಾರ್ಯನವರ ತೋಟದ ಮನೆಗೆ ನಡೆದಳು.

ಗಿರಿಜಾಂಬಿಕಾ ಜಗಲಿಯಲ್ಲಿ ಕೂತಿದ್ದರು. “ಏನು ಭೈರಮ್ಮ, ಇಷ್ಟು ದೂರ?”

“ಏನಿಲ್ಲ ಅಮ್ಮಾವ್ರೇ. ಗಂಗಲಕ್ಷ್ಮಿಗೆ ಚೀಲ ಇನ್ನೂ ಬಂದಿಲ್ವಲ್ಲ, ಯಾಕೆ ಅಂತ ಕೇಳಾನ ಅಂತ ಬಂದೆ.”

“ಗಂಗಲಕ್ಷ್ಮಿಗಾ? ಅವಳಿಗೇನಾಗಿದೆ?”

“ಅಯ್ಯೋ, ಮೀನಾ ಹೇಳಿಲ್ವಾ?” ಭೈರಮ್ಮನ ನಾಲಿಗೆಗೆ ಜೇನು ಹತ್ತಿದ ಹಾಗಿತ್ತು. “ಮೂರು ತಿಂಗಳು ಕಣ್ರವ್ವ. ಅವಳೇ ಮಾತ್ರೆ ತಂದ್ಕೊಡ್ತಾವ್ಳೆ, ಹಿತ್ತಲ ಬಾಗ್ಲಲ್ಲಿ. ನಿಮ್ಮ ಸೀರೆ ಉಟ್ಕಂಡು ನಿಮಗೇ ಹೇಳದಂಗೆ! ನಾನಾಗಿದ್ರೆ ಮೊದ್ಲು ನಿಮ್ಮ ಕಾಲ್ತಾವ ಬಂದು ಹೇಳ್ತಿದ್ದೆ.”

ಗಿರಿಜಾಂಬಿಕಾ ಒಳಗೆ ಹೋಗಿ, ಕಾಗದದ ಲೋಟದಲ್ಲಿ ಕಾಫಿ ತರಿಸಿದರು. ತಾವು ಸ್ಟೀಲ್ ಲೋಟದಲ್ಲಿ ಕುಡಿದರು. “ನಿನ್ನಂಥವಳೇ ಬೇಕು ನಮಗೆ. ಓದು ಬರಹ ಏನು ಮಹಾ! ನೀನು ಬಾಯಲ್ಲಿ ಬಂದು ಹೇಳು ಸಾಕು” ಎಂದು ಗಿಳಿಹಸಿರು ಸೀರೆಯ ಪೊಟ್ಟಣ ಇವಳ ಮಡಿಲಿಗಿಟ್ಟರು.

ಭಾನುವಾರ ಆ ಸೀರೆ ಉಟ್ಟು ಭೈರಮ್ಮ ಕಾಲೋನಿಯ ಎಲ್ಲ ಬೀದಿಯನ್ನೂ ಸುತ್ತಿದಳು. ಕೆಲಸವಿಲ್ಲದ ಬೀದಿಯನ್ನೂ ಬಿಡಲಿಲ್ಲ. ನಲ್ಲಿಯ ಹತ್ತಿರ ಮೀನಾ ಸಿಕ್ಕಳು. ಅವಳ ಮುಖ ಕಪ್ಪಿಟ್ಟಿತು. ಅದನ್ನು ನೋಡಲೆಂದೇ ಭೈರಮ್ಮ ಇಷ್ಟು ದಿನ ಬದುಕಿದ್ದಳು.

“ಭೈರಕ್ಕ, ಏನು ಹೇಳ್ದೆ ಅವರಿಗೆ?” ಮೀನಾ ದಾರಿಗೆ ಅಡ್ಡ ಬಂದಳು. “ಗಂಗೀದು ಹೇಳ್ಬುಟ್ಯಾ?”

“ಯಾಕೆ, ಉರೀತಾ?”

ಮೀನಾ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ಭೈರಮ್ಮನಿಗೆ ಅದು ಹೊಟ್ಟೆಕಿಚ್ಚಿನ ಓಟದ ಹಾಗೆ ಕಾಣಲಿಲ್ಲ. ಹೊಟ್ಟೆಕಿಚ್ಚು ಹೇಗಿರುತ್ತದೆ ಎನ್ನುವುದು ಅವಳಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಸೋಮವಾರ ಹೆರೆಯುವ ಸಾಲಿಗೆ ರುದ್ರೇಶ್ ಬಂದ. “ಗಂಗಲಕ್ಷ್ಮಿ, ಚಾಕು ಇಲ್ಲಿಡಮ್ಮ. ಅಮ್ಮಾವ್ರು ರೆಸ್ಟ್ ತಗೊಳ್ಳಕ್ಕೆ ಹೇಳವ್ರೆ. ಹೆತ್ತು ಬಾ.”

ಗಂಗಲಕ್ಷ್ಮಿ ತಲೆ ಎತ್ತಿದಳು. “ನಾನೇನು ಬಸುರಿ ಅಂತ ನಿಮಗೆ ಹೇಳ್ದೆನಾ ಅಣ್ಣ?”

“ನಿನ್ನ ಪಕ್ಕದಲ್ಲೇ ಕೂತವ್ಳಲ್ಲ, ಕೇಳು. ಈಗ ಅವ್ಳೇ ನಮ್ಮ ಸೇವಕಿ.”

ಚಾಕುಗಳೆಲ್ಲ ನಿಂತವು. ಗಂಗಲಕ್ಷ್ಮಿ ಕೂಗಾಡಲಿಲ್ಲ. ಭೈರಮ್ಮನ ಕಡೆ ತಿರುಗಿ ಮೆತ್ತಗೆ ಕೇಳಿದಳು.

“ನೀನಾ ದೊಡ್ಡವ್ವ?”

“ಚೀಲ ಬರ್ಲಿ ಅಂತ... ನಿಂಗೆ ಬೆಲ್ಲ ಗಿಲ್ಲ...”

“ಅವ್ನ ಕಾಲಿಗೆ ಇನ್ನೊಂದು ಆಪರೇಸನ್ ಐತೆ. ಅಲ್ಲೀಗಂಟ ಯಾರಿಗೂ ಗೊತ್ತಾಗ್ಬಾರ್ದು ಅಂತ ಹಲ್ಲು ಕಚ್ಕಂಡು ಇಲ್ಲಿ ಕೂತಿದ್ದೆ. ಬೆಲ್ಲ ತಗಂಡು ಏನು ಮಾಡ್ಲಿ ದೊಡ್ಡವ್ವ? ಅವ್ನ ಮೂಳೆಗೆ ಮೆತ್ಲಾ?”

“ನಂಗೆ ಒಂದು ಮಾತು ಹೇಳ್ಬೋದಾಗಿತ್ತಲ್ಲೇ! ಆ ಮೀನಾಗೆ ಹೇಳ್ದೋಳು ನಂಗೆ...”

“ನಿಂಗೆ ಹೇಳಿದ್ರೆ ಏನಾಗ್ತಿತ್ತು ಅಂತ ಈಗ ಗೊತ್ತಾಯ್ತಲ್ಲ.”

ಅವಳು ಚಾಕು ಇಟ್ಟು ಹೋದಳು. ಸಾಲಿನಲ್ಲಿ ಒಬ್ಬಳೂ ಭೈರಮ್ಮನ ಕಡೆ ನೋಡಲಿಲ್ಲ. ಆ ದಿನ ಅವಳ ಕ್ರೇಟಿನಲ್ಲಿ ಅರ್ಧ ಹೆರೆದ ಕಾಯಿಗಳೇ ಇದ್ದವು.

ಸಂಜೆ ಅವಳು ಮೀನಾಳ ಮನೆಗೆ ಜಗಳಕ್ಕೇ ಹೋದಳು. ಬೇರೆ ಥರ ಹೋಗುವುದು ಅವಳಿಗೆ ಗೊತ್ತಿರಲಿಲ್ಲ.

“ಎಲ್ಲಾ ನಿನ್ನಿಂದ! ಹೇಳಿದ್ರೆ ಹೀಗಾಗ್ತದೆ ಅಂತ ನಿಂಗೆ ಗೊತ್ತಿತ್ತಲ್ಲ, ನಂಗ್ಯಾಕೆ ಬೊಗಳಲಿಲ್ಲ?”

ಮೀನಾ ಹೊಲಿಗೆ ಮೆಷಿನ್ ನಿಲ್ಲಿಸಿದಳು. “ಬೊಗಳಕ್ಕೆ ಬಂದಾಗೆಲ್ಲ ಮುಖಕ್ಕೆ ಉಗೀತಿದ್ಯಲ್ಲ ಭೈರಕ್ಕ.”

ಮೀನಾ ಕೈಯಲ್ಲಿದ್ದ ರವಿಕೆಯನ್ನು ಮಡಿಸಿಟ್ಟಳು.

“ರಾಜಣ್ಣನ ಹೆಂಡ್ತೀದು ಟೈಪ್ ಮಾಡ್ದೋಳು ನಾನೇ. ಆಗ ನಂಗೂ ಗೊತ್ತಿರ್ಲಿಲ್ಲ. ಭುವನ್ ಅವ್ವಂದು ಮಾಡ್ದಾಗ ಅನುಮಾನ ಬಂತು. ತುರುವೇಕೆರೇಲಿ ನಮ್ಮ ಚಿಕ್ಕಪ್ಪನ ಪರಿಚಯದ ವಕೀಲರನ್ನ ಕೇಳ್ದೆ. ಬಸುರಿ ಅಂತ ಕೆಲಸದಿಂದ ತೆಗೆಯಂಗಿಲ್ಲ ಅಕ್ಕ, ಕಾನೂನೈತೆ. ಹೆತ್ತಾಗ ಮನೇಲಿ ಕೂರಿಸಿ ಕೂಲಿ ಕೊಡ್ಬೇಕು. ಅದನ್ನ ಕೊಡ್ಬೇಕಾಗ್ತದೆ ಅಂತ, ಹೊಟ್ಟೆ ಕಾಣೋಕೆ ಮುಂಚೇನೇ ಆಚೆಗೆ ತಳ್ತಾರೆ. ಹೊಟ್ಟೆ ಕಾಣೋಕೆ ಮುಂಚೆ ಅವ್ರಿಗೆ ಹೆಂಗೆ ಗೊತ್ತಾಗ್ಬೇಕು? ಅದಕ್ಕೆ ನಾವು. ಮನೆಮನೆಗೆ ನುಗ್ಗಿ ಬಸಿರು ಮೂಸಿ ಹೇಳೋ ನಾಯಿಗಳು. ಅದೂ ಕೂಲಿ ಇಲ್ದೆ. ಸೇವೆ!”

ಭೈರಮ್ಮ ಹೊಸ್ತಿಲ ಮೇಲೆ ಕೂತಳು. ಕಣ್ಣೆದುರಿಗೆ ರಾಜಣ್ಣನ ಹೆಂಡತಿ, ಭುವನ್ ತಾಯಿ, ಗಂಗಲಕ್ಷ್ಮಿ ಸಾಲಾಗಿ ಬಂದು ನಿಂತರು. ಎಲ್ಲ ತಿಳಿಯಿತು. ತಿಳಿದ ಮೇಲೂ ಒಳಗಿನ ಕಿಚ್ಚು ಒಂದು ಕಡೆ ಮಿಣುಗುಟ್ಟಿತು: ಇದನ್ನೂ ಇವಳೇ ಮೊದಲು ಕಂಡುಕೊಂಡಳಲ್ಲ!

“ನಾಳೆ ಬೆಳಿಗ್ಗೆ ಗಂಗೀನ ಕರ್ಕೊಂಡು ಗೇಟಿಗೆ ಹೋಗ್ತೀನಿ” ಎಂದಳು ಮೀನಾ. “ಅವಳ ಚಾಕು ವಾಪಸ್ ಕೊಡಗಂಟ ಏಳಲ್ಲ. ಬರೋರು ಬರ್ಲಿ.”

“ನನ್ನ ಕರೀತಿದ್ದೀಯಾ?”

“ನಿನ್ನ ಕರೆಯಕ್ಕೆ ನಾನ್ಯಾರು? ನೀನು ಯಾವತ್ತು ಕರೆಸ್ಕಂಡು ಬಂದಿದ್ದೀಯಾ?”

ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಮುಂದೆ ಹೆಂಗಸರು ಬುತ್ತಿ ಹಿಡಿದು ಗುಂಪಾಗಿ ನಿಂತಿದ್ದರು. ಒಳಗೂ ಹೋಗರು, ಮನೆಗೂ ಹೋಗರು. ಒಳಗೆ ಮುಂಜಾನೆಯೇ ಚಿಪ್ಪು ಬಿಡಿಸಿದ ಕಾಯಿ ಬೆಟ್ಟದ ಹಾಗೆ ಬಿದ್ದಿತ್ತು. ಚಿಪ್ಪು ಬಿಟ್ಟ ಕಾಯಿ ಕಾಯುವುದಿಲ್ಲ. ಬಿಸಿಲೇರಿದರೆ ಲೋಳೆ ಕಟ್ಟುತ್ತದೆ, ಹುಳಿಯುತ್ತದೆ, ಗುಂಡಿಗೇ ಹಾಕಬೇಕು. ಹೊರಗೆ ಇನ್ನೊಂದು ಲಾರಿ ಕಾಯಿ ತುಂಬಿಕೊಂಡು ಹಾರನ್ ಹೊಡೆಯುತ್ತಿತ್ತು.

ಗಂಗಲಕ್ಷ್ಮಿಯನ್ನು ಗೇಟಿನ ಮುಂದೆ ಕೂರಿಸಿ ಮೀನಾ ಪಕ್ಕದಲ್ಲಿ ಮಣ್ಣಿಗೆ ಕೂತಿದ್ದಳು. ರಾಜಣ್ಣನ ಹೆಂಡತಿ ಕೂಸಿನ ಸಮೇತ ಬಂದು ಕೂತಳು.

ರುದ್ರೇಶ್ ಗೇಟಿನ ಸಂದಿಯಿಂದ ಕೂಗುತ್ತಿದ್ದ. “ಏನ್ರಮ್ಮ ಇದು? ಉಣ್ಣೋ ಅನ್ನಕ್ಕೆ ಮಣ್ಣು ಹಾಕ್ಕಂತೀರಾ? ಈ ಮೀನಾ ನಮ್ಮ ಫ್ಯಾಕ್ಟರಿಯೋಳೇ ಅಲ್ಲ! ಅವಳ ಮಾತು ಕೇಳಿ ಕೆಟ್ಟೋಗಬ್ಯಾಡಿ. ಬನ್ನಿ, ಬನ್ನಿ ಒಳಿಕ್ಕೆ!”

ಒಂದಿಬ್ಬರು ಕಾಲು ಎತ್ತಿಟ್ಟರು. ಉಳಿದವರೆಲ್ಲ ಮೀನಾಳನ್ನೇ ನೋಡುತ್ತಿದ್ದರು. ಆ ನೋಟ ಭೈರಮ್ಮನಿಗೆ ಗೊತ್ತಿತ್ತು. ಒಂದು ಕಾಲದಲ್ಲಿ ತಾನು ಹೊಸ್ತಿಲು ದಾಟಿದರೆ ತನ್ನ ಮೇಲೆ ಬೀಳುತ್ತಿದ್ದ ನೋಟ ಅದು.

ಗುಂಪಿನ ಹಿಂದೆ ನಿಂತಿದ್ದ ಅವಳ ಹೊಟ್ಟೆ ಧಗ್ ಎಂದಿತು. ಇಲ್ಲೂ ಇವಳೇ ಮುಂದಾ? ಸಿಪ್ಪೆ ಹೆರೆದು ಕೈ ಕೊಳೆಸಿಕೊಂಡವಳು ನಾನು. ಗಂಗಿಗೆ ನೀರು ಹುಯ್ದವಳು ನಾನು. ಗಂಗಿಯ ಅನ್ನ ಕಳೆದವಳೂ ನಾನೇ. ಇವಳು ಮುಂದೆ ಕೂತು ನಾನು ಹಿಂದೆ ನಿಂತು ನೋಡಬೇಕಾ?

“ಸರೀರೇ ಆಚೆಗೆ!”

ಮೊಣಕೈಯಲ್ಲಿ ಹೆಂಗಸರನ್ನು ನೂಕಿಕೊಂಡು ಭೈರಮ್ಮ ಮುಂದೆ ಬಂದಳು. ಗಂಗಲಕ್ಷ್ಮಿಯನ್ನು ದಾಟಿದಳು. ಮೀನಾಳನ್ನು ದಾಟಿದಳು. ಲಾರಿಯ ಮೂತಿಗೆ ಎದುರಾಗಿ, ಕಾಲು ನೀಡಿ ಕೂತಳು.

“ಲೇ ರುದ್ರೇಸ! ಅವಳು ನಿಮ್ಮ ಫ್ಯಾಕ್ಟರಿಯೋಳಲ್ಲ ಅಂದ್ಯಲ್ಲ, ನಾನು ಹೌದೋ ಅಲ್ವೋ? ಗಂಗಿ ಬಸುರಿ ಅಂತ ನಿಮ್ಮ ಅಮ್ಮಾವ್ರಿಗೆ ಹೇಳ್ದೋಳು ನಾನು ಕಣ್ಲಾ. ಈಗ ಊರಿಗೆಲ್ಲ ಹೇಳ್ತೀನಿ ಕೇಳು. ಗಂಗಿ ಬಸುರಿ! ಬಸುರಿ ಅಂತ ಚಾಕು ಕಿತ್ಕಂಡವ್ರೆ! ಅದನ್ನ ತಂದು ಅವಳ ಕೈಗೆ ಕೊಡು, ಒಳಿಕ್ಕೆ ಬತ್ತೀವಿ. ಇಲ್ದಿದ್ರೆ ಆ ಕಾಯಿನೆಲ್ಲ ನೀನೂ ನಿಮ್ಮ ಸಾವ್ಕಾರ್ರೂ ಕೂತ್ಕಂಡು ಹೆರೀರಿ. ಕೈ ಹೆಂಗಾಗ್ತದೆ ನೋಡ್ಕಳಿ!”

ಯಾರೋ ನಕ್ಕರು. ಕಾಲು ಎತ್ತಿಟ್ಟಿದ್ದವರು ಹಿಂದಕ್ಕೆ ಬಂದರು. ಒಬ್ಬಳು ಕೂತಳು, ಇನ್ನೊಬ್ಬಳು ಕೂತಳು. ಬುತ್ತಿಗಳು ಮಣ್ಣಿಗಿಳಿದವು.

ಬಿಳಿ ಕಾರು ರಸ್ತೆಯಲ್ಲಿ ಬಂದು ನಿಂತಿತು. ಗಾಜು ಇಳಿಯಿತು. “ಭೈರಮ್ಮ! ನೀನಾ?” ಎಂದರು ಗಿರಿಜಾಂಬಿಕಾ. ಭೈರಮ್ಮ ಆ ಕಡೆ ತಿರುಗಲಿಲ್ಲ. ಲಾರಿಯವನು ಎಂಜಿನ್ ಅಬ್ಬರಿಸಿ ಒಂದು ಮಾರು ಮುಂದಕ್ಕೆ ತಂದ. ಬಿಸಿಗಾಳಿ ಮುಖಕ್ಕೆ ರಾಚಿತು. ಗಂಗಲಕ್ಷ್ಮಿ “ದೊಡ್ಡವ್ವಾ!” ಎಂದು ಕಿರುಚಿದಳು.

ಮೀನಾ ಮಣ್ಣಿನಲ್ಲೇ ತೆವಳಿ ಭೈರಮ್ಮನ ಪಕ್ಕಕ್ಕೆ ಬಂದು ಅವಳ ಭುಜಕ್ಕೆ ಭುಜ ಕೊಟ್ಟು ಕೂತಳು.

ಭೈರಮ್ಮ ಅವಳನ್ನು ಓರೆಗಣ್ಣಲ್ಲಿ ಒಮ್ಮೆ ನೋಡಿದಳು. ಆಮೇಲೆ ಸೀರೆ ಸರಿಮಾಡಿಕೊಂಡು, ಒಂದು ಗೇಣು ಮುಂದಕ್ಕೆ ಸರಿದು ಕೂತಳು.